ಕೊಲ್ಲುವುದು ಚಳಿಯಲ್ಲ, ಬರಿಹೊಟ್ಟೆ

(ಅಮೆರಿಕದ ಮಿನೆಸೋಟ ರಾಜ್ಯದ ಮಿನಿಯಾಪೊಲಿಸ್‌ನಲ್ಲಿ ಕನ್ನಡಿಗರ ಸಂಕ್ರಾಂತಿ ಕೂಟವೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ. ಮಾತಿನಲ್ಲಿ ಬಂದ ಪುನರುಕ್ತಿಗಳನ್ನು ತೆಗೆದಿದ್ದೇನೆ. ಕೊನೆಯ ಪ್ರಶ್ನೋತ್ತರವನ್ನು ನೆನಪಿನಿಂದ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಎಳ್ಳುಬೆಲ್ಲ ಹಂಚಿ ಮುಗಿದಿದೆ, ಊಟಕ್ಕೆ ಇನ್ನೂ ಕರೆದಿಲ್ಲ. ಈ ಹೊತ್ತಿನಲ್ಲಿ ಭಾಷಣ ಮಾಡುವವನಿಗೆ ಸಭೆಯ ಹಸಿವಿನ ಅಂದಾಜು ಇರಬೇಕಾಗುತ್ತದೆ. ಇವತ್ತಿನ ವಿಷಯವೂ ಹಸಿವಿನದೇ ಆದ್ದರಿಂದ ನೀವು ನನ್ನನ್ನು ಸಹಿಸಿಕೊಳ್ಳುತ್ತೀರಿ ಎಂಬ ಭರವಸೆ ಇದೆ.

ಶಿವರಾತ್ರಿಗೆ ಚಳಿ 'ಶಿವ ಶಿವಾ' ಎನ್ನುತ್ತ ಓಡಿಹೋಗುತ್ತದೆ ಎಂದು ನಮ್ಮ ಊರುಗಳಲ್ಲಿ ಹೇಳುತ್ತಾರೆ. ಆ ಮಾತು ಹುಟ್ಟಿದ ನೆಲದಲ್ಲಿ ಅದು ಸತ್ಯ. ಇಲ್ಲಿಗೆ ಹೊಸದಾಗಿ ಬಂದವರು ಅದನ್ನು ನಂಬಿ ಕೂರಬೇಡಿ. ಇಲ್ಲಿ ಶಿವರಾತ್ರಿ ಬಂದು ಹೋದ ಮೇಲೂ ಹಿಮ ಗುಡಿಸುವ ಸಲಿಕೆ ಬಾಗಿಲಲ್ಲೇ ನಿಂತಿರುತ್ತದೆ. ಈ ದೀರ್ಘ ಚಳಿಗಾಲವನ್ನು ಕಳೆಯುವುದಕ್ಕೆ ಕೆಲವರು ಹಿಮದ ಮೇಲೆ ಜಾರುತ್ತಾರೆ, ಕೆಲವರು ಹೆಪ್ಪುಗಟ್ಟಿದ ಕೆರೆಗೆ ತೂತು ಕೊರೆದು ಮೀನು ಹಿಡಿಯುತ್ತಾರೆ, ನಮ್ಮಲ್ಲಿ ಬಹಳ ಮಂದಿ ಧಾರಾವಾಹಿ ನೋಡುತ್ತಾರೆ. ನಾನು ಕಿಟಕಿಯ ಬಳಿ ಕುಳಿತು ಹಕ್ಕಿ ನೋಡುತ್ತೇನೆ. ಸೋಮಾರಿಗೆ ಒಗ್ಗುವ ಹವ್ಯಾಸ ಇದು. ಸೋಮಾರಿಯೇ ಒಳ್ಳೆಯ ವೀಕ್ಷಕ ಎಂಬುದನ್ನು ಆಮೇಲೆ ಕಾರಣ ಸಹಿತ ಹೇಳುತ್ತೇನೆ.

2019ರ ಜನವರಿ ಕೊನೆಯ ವಾರ ಇಲ್ಲಿದ್ದವರು ಅದನ್ನು ಮರೆತಿರಲಾರರು. ಉತ್ತರ ಧ್ರುವದ ಮೇಲೆ ಸುತ್ತುತ್ತಿರಬೇಕಾದ ಶೀತಗಾಳಿ ಜಾರಿ ನಮ್ಮ ಮೇಲೆ ಇಳಿದಿತ್ತು. ಜನವರಿ 30ರಂದು ಮಿನಿಯಾಪೊಲಿಸ್‌ನಲ್ಲಿ ಮೈನಸ್ 33 ಡಿಗ್ರಿ ಸೆಲ್ಸಿಯಸ್. ಮರುದಿನ ರಾಜ್ಯದ ಉತ್ತರದಲ್ಲಿರುವ ಕಾಟನ್ ಎಂಬ ಪುಟ್ಟ ಊರಿನಲ್ಲಿ ಮೈನಸ್ 49ರ ಹತ್ತಿರ. ಮಳೆ ಬರಲಿ, ಹಿಮ ಬೀಳಲಿ, ಬಂದೇ ಬರುತ್ತೇವೆ ಎನ್ನುವ ಅಂಚೆಯವರೇ 30ರಂದು ಈ ರಾಜ್ಯದಲ್ಲಿ ಬಟವಾಡೆ ನಿಲ್ಲಿಸಿದರು. ಗಾಳಿಯ ಹೊಡೆತವನ್ನೂ ಸೇರಿಸಿದರೆ, ಮುಚ್ಚದ ಚರ್ಮ ಹತ್ತು ನಿಮಿಷದೊಳಗೆ ಹೆಪ್ಪುಗಟ್ಟುವ ಚಳಿ.

ಅಂದು ಬೆಳಕು ಹರಿಯುತ್ತಿದ್ದಂತೆ ನನ್ನ ಹಿತ್ತಲಿನ ಕಾಳಿನ ತಟ್ಟೆಗೆ ಚಿಕಡೀಗಳು ಬಂದವು. ಕಪ್ಪು ಟೋಪಿ, ಬಿಳಿ ಕೆನ್ನೆ, ಕಪ್ಪು ಗದ್ದ. ನಮ್ಮ ಮಲೆನಾಡಿನಲ್ಲಿ ಕಾಣುವ ಟಿಟ್ ಹಕ್ಕಿಗಳ ಕುಲದ್ದೇ. ಇದರ ತೂಕ ಸುಮಾರು 11 ಗ್ರಾಂ. ಅಂಚೆಯ ವ್ಯಾನು ಹೊರಡದ ದಿನ 11 ಗ್ರಾಂ ಜೀವ ಎದ್ದು ಕೆಲಸಕ್ಕೆ ಬಂದಿದೆ ಎಂದರೆ, ಒಳಗೆ ಹೊದ್ದು ಕುಳಿತ ನಮಗೆ ಸ್ವಲ್ಪ ನಾಚಿಕೆಯಾಗಬೇಕು. ನಾಚಿಕೆಗಿಂತ ಮೊದಲು ಕುತೂಹಲ ಹುಟ್ಟಬೇಕು: ಇದು ರಾತ್ರಿಯನ್ನು ಹೇಗೆ ಕಳೆಯಿತು?

ಲೆಕ್ಕ ಹೀಗಿದೆ. ಡಿಸೆಂಬರ್ ಕೊನೆಯಲ್ಲಿ ಇಲ್ಲಿ ಹಗಲು ಒಂಬತ್ತು ಗಂಟೆಗೂ ಕಡಿಮೆ. ಅಂದರೆ ಹದಿನೈದು ಗಂಟೆಯ ಕತ್ತಲು, ಅಷ್ಟೂ ಹೊತ್ತು ಉಪವಾಸ. ಎಚ್ಚರವಾಗಿರುವಾಗ ಚಿಕಡೀಯ ಮೈ ಬಿಸಿ ಸುಮಾರು 42 ಡಿಗ್ರಿ. ಹೊರಗಿನ ಚಳಿಗೂ ಅದರ ಎದೆಗೂ ನಡುವೆ 75 ಡಿಗ್ರಿಗಳ ಅಂತರ, ಅಡ್ಡ ಇರುವುದು ಬೆರಳಿನ ಗಾತ್ರದ ಗರಿಯ ಪದರ. ಚಿಕ್ಕ ಮೈ ದೊಡ್ಡ ಮೈಗಿಂತ ಬೇಗ ಬಿಸಿ ಕಳೆದುಕೊಳ್ಳುತ್ತದೆ ಎಂಬುದು ಶಾಲೆಯ ಪಾಠ. ಹಾಗಾಗಿ ಈ ಹಕ್ಕಿ ಅಪ್ಪಟ ದಿನಗೂಲಿಯವನಂತೆ ಬದುಕುತ್ತದೆ: ಹಗಲಿನಲ್ಲಿ ದುಡಿದದ್ದನ್ನು ಅದೇ ರಾತ್ರಿ ಖರ್ಚು ಮಾಡಿ, ಬೆಳಗಾಗುವಾಗ ಕೈ ಖಾಲಿ. ಮೈತೂಕದ ಹತ್ತನೇ ಒಂದು ಪಾಲಿನಷ್ಟು ಕೊಬ್ಬನ್ನು ಸಂಜೆಯೊಳಗೆ ಕಟ್ಟಿಕೊಳ್ಳುತ್ತದೆ, ಇರುಳು ನಡುಗುತ್ತ ನಡುಗುತ್ತ ಅದನ್ನು ಉರಿಸುತ್ತದೆ. ಹಕ್ಕಿಗೆ ನಡುಕವೇ ಒಲೆ. ಎದೆಯ ಹಾರುವ ಸ್ನಾಯುಗಳನ್ನು ರೆಕ್ಕೆ ಅಲುಗದಂತೆ ನಡುಗಿಸಿ ಬಿಸಿ ಹುಟ್ಟಿಸಿಕೊಳ್ಳುತ್ತದೆ.

ಅಷ್ಟಾದರೂ ಸಾಲದು. ಆದ್ದರಿಂದ ಚಿಕಡೀ ಇನ್ನೊಂದು ಉಪಾಯ ಮಾಡುತ್ತದೆ. ಯಾವುದೋ ಮರದ ಪೊಟರೆಯೊಳಗೆ ಒಂಟಿಯಾಗಿ ತೂರಿಕೊಂಡು, ಮೈ ಬಿಸಿಯನ್ನು ಹತ್ತು ಹನ್ನೆರಡು ಡಿಗ್ರಿಗಳಷ್ಟು ಇಳಿಸಿಬಿಡುತ್ತದೆ. ಮನುಷ್ಯನ ಮೈ ಬಿಸಿ ಹಾಗೆ ಇಳಿದರೆ ತುರ್ತು ಚಿಕಿತ್ಸೆಗೆ ಒಯ್ಯಬೇಕು. ಚಿಕಡೀಗೆ ಅದು ನಿತ್ಯದ ನಿದ್ದೆ. ಇಳಿಸಿದ ಪ್ರತಿ ಡಿಗ್ರಿಯೂ ಉಳಿತಾಯ. ಬೆಳಗಿನ ಜಾವ ಮತ್ತೆ ನಡುಗಿ ಮೈ ಕಾಯಿಸಿಕೊಂಡು ಹೊರಬರುತ್ತದೆ. ಚಳಿಗಾಲದಲ್ಲಿ ಬಾಲದ ಗರಿ ಬಾಗಿರುವ ಚಿಕಡೀ ಕಂಡರೆ ಇಕ್ಕಟ್ಟಾದ ಪೊಟರೆಯಲ್ಲಿ ರಾತ್ರಿ ಕಳೆದಿದೆ ಎಂದು ತಿಳಿಯಬಹುದು. ಇಂಥ ಸಣ್ಣ ಗುರುತುಗಳು ಸಿಗುವುದು ಒಂದೇ ಹಕ್ಕಿಯನ್ನು ದಿನವೂ ನೋಡುವವರಿಗೆ, ದಿನಕ್ಕೊಂದು ಹೊಸ ಹಕ್ಕಿಯ ಹಿಂದೆ ಓಡುವವರಿಗಲ್ಲ.

'ಕಾಲು ಬರಿದಾಗಿದೆಯಲ್ಲ, ಕೊಂಬೆಗೆ ಅಂಟಿಕೊಳ್ಳುವುದಿಲ್ಲವೇ' ಎಂದು ಮಕ್ಕಳು ತಪ್ಪದೆ ಕೇಳುತ್ತಾರೆ. ಹಕ್ಕಿಯ ಪಾದದಲ್ಲಿ ಮಾಂಸ ಇಲ್ಲವೆನ್ನುವಷ್ಟು ಕಡಿಮೆ, ಹೆಚ್ಚಿನದು ಮೂಳೆ ಮತ್ತು ಸ್ನಾಯುವನ್ನು ಮೂಳೆಗೆ ಕಟ್ಟುವ ದಾರ. ಮೈಯಿಂದ ಕಾಲಿಗೆ ಇಳಿಯುವ ಬಿಸಿ ರಕ್ತದ ನಾಳವೂ ಕಾಲಿನಿಂದ ಮೇಲೇರುವ ತಣ್ಣನೆಯ ರಕ್ತದ ನಾಳವೂ ಒಂದಕ್ಕೊಂದು ಒತ್ತಿಕೊಂಡೇ ಸಾಗುತ್ತವೆ. ಇಳಿಯುವ ರಕ್ತ ತನ್ನ ಬಿಸಿಯನ್ನು ದಾರಿಯಲ್ಲೇ ಏರುವ ರಕ್ತಕ್ಕೆ ದಾಟಿಸುತ್ತದೆ. ಪಾದ ಹೆಪ್ಪುಗಟ್ಟದಷ್ಟು ಮಾತ್ರ ಬೆಚ್ಚಗಿದ್ದರೆ ಸಾಕು. ಪಾದದ ಮೇಲೆ ಬೆವರೂ ಇಲ್ಲ, ಒದ್ದೆಯೂ ಇಲ್ಲ, ಆದ್ದರಿಂದ ಅಂಟುವ ಪ್ರಶ್ನೆಯಿಲ್ಲ. ಬಾತುಗಳು ಹಿಮಗಡ್ಡೆಯ ಮೇಲೆ ಗಂಟೆಗಟ್ಟಲೆ ನಿಲ್ಲುವುದೂ ಈ ಏರ್ಪಾಡಿನಿಂದಲೇ. ಒಂದು ಕಾಲನ್ನು ಹೊಟ್ಟೆಯ ಗರಿಯೊಳಗೆ ಮಡಚಿಕೊಂಡಿದ್ದರೆ ಅದು ಸರದಿಯಂತೆ ವಿಶ್ರಾಂತಿ.

ಇಷ್ಟು ಹೇಳಿದ್ದು ಹಕ್ಕಿಯ ಮೈಯ ಕಥೆ. ನನ್ನ ಮುಖ್ಯವಾದ ಮಾತು ಇನ್ನು ಮುಂದೆ ಇದೆ. ಇಲ್ಲಿ ಉಳಿಯುವ ಹಕ್ಕಿಗಳಿಗೆ ಚಳಿ ಶತ್ರುವಲ್ಲ. ಹೊಟ್ಟೆ ತುಂಬಿರುವ ಚಿಕಡೀ ಮೈನಸ್ 33ನ್ನು ದಾಟುತ್ತದೆ. ಹೊಟ್ಟೆ ತುಂಬದ ಚಿಕಡೀಗೆ ಮೈನಸ್ 10 ಕೂಡ ಕಷ್ಟ. ಇದು ನನ್ನ ಕಿಟಕಿಯ ಊಹೆಯಲ್ಲ. ನಮ್ಮ ನೆರೆಯ ವಿಸ್ಕಾನ್ಸಿನ್ ರಾಜ್ಯದಲ್ಲಿ ಮಾರ್ಗರೆಟ್ ಬ್ರಿಟಿಂಗ್‌ಹ್ಯಾಮ್ ಮತ್ತು ಸ್ಟ್ಯಾನ್ಲಿ ಟೆಂಪಲ್ ಎಂಬ ಇಬ್ಬರು ವಿಜ್ಞಾನಿಗಳು ಕಾಲಿಗೆ ಉಂಗುರ ಹಾಕಿದ ಚಿಕಡೀಗಳನ್ನು ಹಿಂಬಾಲಿಸಿ 1988ರಲ್ಲಿ ಫಲಿತಾಂಶ ಪ್ರಕಟಿಸಿದರು. ಕಾಳಿನ ತಟ್ಟೆ ಸಿಗುತ್ತಿದ್ದ ಹಕ್ಕಿಗಳಲ್ಲಿ ಶೇ. 69ರಷ್ಟು ಚಳಿಗಾಲವನ್ನು ದಾಟಿದವು. ಕಾಡಿನ ಆಹಾರವನ್ನೇ ನಂಬಿದ್ದವುಗಳಲ್ಲಿ ದಾಟಿದ್ದು ಶೇ. 37. ಒಂದೇ ಚಳಿ, ಒಂದೇ ಗರಿ, ಊಟ ಮಾತ್ರ ಬೇರೆ. ಅದಕ್ಕಿಂತ ಸ್ವಾರಸ್ಯದ ಸಂಗತಿ ಎಂದರೆ, ಈ ಅಂತರ ಹುಟ್ಟಿದ್ದು ಪಾದರಸ ಮೈನಸ್ 18ರ ಕೆಳಗೆ ಇಳಿದು ಕೂತ ತಿಂಗಳುಗಳಲ್ಲಿ. ಹವೆ ಹದವಾಗಿದ್ದಾಗ ನಿಮ್ಮ ಕಾಳಿನಿಂದ ಅವುಗಳ ಉಳಿವಿಗೆ ಹೇಳಿಕೊಳ್ಳುವ ಲಾಭವಿಲ್ಲ.

ನಾವು ಕಾಳು ಹಾಕಿ ಹಕ್ಕಿಗಳನ್ನು ಸೋಮಾರಿ ಮಾಡುತ್ತಿದ್ದೇವೆಯೇ ಎಂಬ ಅನುಮಾನಕ್ಕೂ ಅವರೇ ಉತ್ತರ ಹುಡುಕಿದರು. ವರ್ಷಗಟ್ಟಲೆ ಕಾಳು ಸಿಗುತ್ತಿದ್ದ ಕಡೆ ತಟ್ಟೆಗಳನ್ನು ತೆಗೆದು ನೋಡಿದರೆ, ಅಲ್ಲಿನ ಚಿಕಡೀಗಳು ಎಂದೂ ತಟ್ಟೆ ಕಾಣದ ಚಿಕಡೀಗಳಷ್ಟೇ ಚೆನ್ನಾಗಿ ಬದುಕಿದವು. ಊಟ ಹಾಕಿದವರ ಹಂಗಿನಲ್ಲಿ ಅವು ಇಲ್ಲ. ಇದನ್ನು ಕೇಳಿ ನನ್ನ ಅಹಂಕಾರಕ್ಕೆ ಪೆಟ್ಟು ಬಿತ್ತು ಎಂದರೆ ಸುಳ್ಳಲ್ಲ.

ಅವುಗಳಿಗೆ ಸ್ವಂತದ ಉಗ್ರಾಣವೂ ಇದೆ. ಶರತ್ಕಾಲದಲ್ಲಿ ಒಂದೊಂದು ಬೀಜವನ್ನು ಒಂದೊಂದು ಕಡೆ, ತೊಗಟೆಯ ಬಿರುಕಿನಲ್ಲಿ, ಪಾಚಿಯ ಅಡಿಯಲ್ಲಿ ಬಚ್ಚಿಡುತ್ತವೆ. ಹೀಗೆ ಸಾವಿರಾರು ಬೀಜ. ಬಚ್ಚಿಟ್ಟ ಜಾಗವನ್ನು ನಾಲ್ಕು ವಾರಗಳ ನಂತರವೂ ನೆನಪಿಟ್ಟುಕೊಳ್ಳುವುದು ಪ್ರಯೋಗಗಳಲ್ಲಿ ಕಂಡಿದೆ. ಜಾಗದ ನೆನಪನ್ನು ನೋಡಿಕೊಳ್ಳುವ ಮಿದುಳಿನ ಭಾಗ ಅಲಾಸ್ಕದ ಚಿಕಡೀಗಳಲ್ಲಿ ಕ್ಯಾನ್ಸಸ್‌ನ ಚಿಕಡೀಗಳಿಗಿಂತ ದೊಡ್ಡದು. ಚಳಿ ಹೆಚ್ಚಿದ ಕಡೆ ಮರೆವಿಗೆ ಶಿಕ್ಷೆಯೂ ಹೆಚ್ಚು. ಕಾರಿನ ಕೀಲಿ ಎಲ್ಲಿಟ್ಟೆ ಎಂದು ದಿನವೂ ಹುಡುಕುವ ನಾನು ಇದರ ಬಗ್ಗೆ ಹೆಚ್ಚು ಮಾತನಾಡಬಾರದು.

ಹಸಿವೇ ಶತ್ರು ಎಂದು ಒಪ್ಪಿಕೊಂಡರೆ ಹವಾಮಾನದ ವರದಿಯನ್ನು ಓದುವ ರೀತಿಯೇ ಬದಲಾಗುತ್ತದೆ. ಟಿ.ವಿ.ಯವರು ಮೈನಸ್ 30 ಎಂದು ಕೆಂಪು ಅಕ್ಷರದಲ್ಲಿ ತೋರಿಸುವ ದಿನಕ್ಕಿಂತ, ಸೊನ್ನೆಯ ಆಸುಪಾಸಿನಲ್ಲಿ ಮಳೆ ಬಿದ್ದು ಬಿದ್ದಲ್ಲೇ ಗಾಜಿನಂತೆ ಗಟ್ಟಿಯಾಗುವ ದಿನ ನನಗೆ ಭಯ. ಅಂದು ಪ್ರತಿ ಕೊಂಬೆ, ಪ್ರತಿ ತೊಗಟೆ, ಪ್ರತಿ ಹುಲ್ಲಿನ ತೆನೆಗೂ ಬೀಗ ಬೀಳುತ್ತದೆ. ಬೀಜ ಕಣ್ಣೆದುರೇ ಇದ್ದರೂ ಕೊಕ್ಕಿಗೆ ಸಿಗುವುದಿಲ್ಲ. 1962–63ರ ಚಳಿಗಾಲದಲ್ಲಿ ಬ್ರಿಟನ್ನಿನ ನದಿ ಕೊಳಗಳು ವಾರಗಟ್ಟಲೆ ಹೆಪ್ಪುಗಟ್ಟಿದಾಗ ಅಲ್ಲಿನ ಮಿಂಚುಳ್ಳಿಗಳು ಅಪಾರ ಸಂಖ್ಯೆಯಲ್ಲಿ ಸತ್ತವು. ಮೀನು ಕೆಳಗಿತ್ತು, ನಡುವೆ ಗಡ್ಡೆ ಇತ್ತು. 2021ರ ಫೆಬ್ರವರಿಯಲ್ಲಿ ಟೆಕ್ಸಸ್‌ನಲ್ಲಿ ವಿದ್ಯುತ್ ಹೋಗಿ ಮನೆಗಳು ತಣ್ಣಗಾದ ಸುದ್ದಿ ನಿಮಗೆ ಗೊತ್ತು. ಅದೇ ವಾರ ದಕ್ಷಿಣ ಅಮೆರಿಕದಿಂದ ಬೇಗನೆ ಬಂದಿಳಿದಿದ್ದ ಪರ್ಪಲ್ ಮಾರ್ಟಿನ್ ಎಂಬ ಹಕ್ಕಿಗಳು ಗೂಡುಪೆಟ್ಟಿಗೆಗಳಲ್ಲಿ ಸತ್ತು ಬಿದ್ದವು. ಅವು ನಮ್ಮ ಅಂಬರಗುಬ್ಬಿಗಳ ಬಳಗದವು, ಹಾರುವ ಹುಳುವನ್ನು ಹಾರುತ್ತಲೇ ಹಿಡಿದು ತಿನ್ನಬೇಕು. ಚಳಿಗೆ ಹುಳು ಏಳಲಿಲ್ಲ. ಕೆಲವರು ಮಿಡತೆಗಳನ್ನೂ ಬೇಯಿಸಿದ ಮೊಟ್ಟೆಯ ಚೂರುಗಳನ್ನೂ ಚಮಚದಿಂದ ಗಾಳಿಗೆ ಚಿಮ್ಮಿ ಅವಕ್ಕೆ ಉಣಿಸಿದರು. ಹಾರುವುದನ್ನಷ್ಟೇ ತಿನ್ನುವ ಹಕ್ಕಿಗೆ ಊಟವನ್ನೇ ಹಾರಿಸಿದ ಅವರ ಬುದ್ಧಿಗೆ ನಾನು ತಲೆಬಾಗುತ್ತೇನೆ.

ನನ್ನ ಮಾತಿಗೆ ಒಂದು ಘೋರ ಅಪವಾದವಿದೆ, ಅದು ನಡೆದದ್ದು ನಮ್ಮ ರಾಜ್ಯದಲ್ಲೇ. 1904ರ ಮಾರ್ಚ್ 13ರ ರಾತ್ರಿ. ಲ್ಯಾಪ್‌ಲ್ಯಾಂಡ್ ಲಾಂಗ್‌ಸ್ಪರ್ ಎಂಬ, ಗುಬ್ಬಚ್ಚಿಗಿಂತ ತುಸು ದೊಡ್ಡ ಹಕ್ಕಿಗಳು ದೊಡ್ಡ ದೊಡ್ಡ ಹಿಂಡುಗಳಲ್ಲಿ ಉತ್ತರದ ತಂಪು ಬಯಲುಗಳಿಗೆ ಮರಳುತ್ತಿದ್ದವು. ಮಿನೆಸೋಟದ ನೈಋತ್ಯದ ವರ್ದಿಂಗ್‌ಟನ್ ಊರಿನ ಮೇಲೆ ಬರುವಾಗ ಗಾಳಿಯಿಲ್ಲದ ಕತ್ತಲಲ್ಲಿ ಒದ್ದೆ ಹಿಮ ದಟ್ಟವಾಗಿ ಸುರಿಯಿತು. ಗರಿ ನೆನೆದು, ದಿಕ್ಕು ತಪ್ಪಿ, ಊರಿನ ದೀಪಗಳ ಸುತ್ತ ಸುತ್ತಿ ಹಕ್ಕಿಗಳು ಆಕಾಶದಿಂದ ಉದುರಿದವು. ಬೆಳಗ್ಗೆ ನೋಡಿದರೆ ಅಲ್ಲಿನ ಎರಡು ಕೆರೆಗಳ ಹೆಪ್ಪಿನ ಮೇಲೆಯೇ ಏಳೂವರೆ ಲಕ್ಷ ಹಕ್ಕಿಗಳು ಸತ್ತಿದ್ದವು ಎಂದು ಅಂದಾಜು. ಹೊಲ, ರಸ್ತೆ, ಸೂರುಗಳ ಮೇಲೆ ಬಿದ್ದವು ಬೇರೆ. ಇದನ್ನು ದಾಖಲಿಸಿದವರು ಥಾಮಸ್ ಸ್ಯಾಡ್ಲರ್ ರಾಬರ್ಟ್ಸ್, ಮಿನಿಯಾಪೊಲಿಸ್‌ನ ವೈದ್ಯರು, ಪಕ್ಷಿವಿಜ್ಞಾನಿಯೂ ಹೌದು. ಆ ಹಕ್ಕಿಗಳು ಹಸಿವಿನಿಂದ ಸಾಯಲಿಲ್ಲ, ಮೈ ತುಂಬಿಕೊಂಡಿದ್ದವು. ಬಿದ್ದ ಪೆಟ್ಟಿಗೆ ಸತ್ತವು. ಇಂದಿಗೂ ವಲಸೆಯ ರಾತ್ರಿಗಳಲ್ಲಿ ಊರಿನ ದೀಪಗಳನ್ನು ಆರಿಸಿ ಎಂದು ಪಕ್ಷಿಪ್ರಿಯರು ಬೇಡಿಕೊಳ್ಳುವಾಗ ನನಗೆ ವರ್ದಿಂಗ್‌ಟನ್ ನೆನಪಾಗುತ್ತದೆ.

ವಲಸೆಯ ಮಾತು ಬಂದದ್ದರಿಂದ ಹೇಳುತ್ತೇನೆ. ಹಕ್ಕಿಗಳು ಚಳಿಗೆ ಹೆದರಿ ಓಡುತ್ತವೆ ಎನ್ನುವುದು ಅರ್ಧ ಸತ್ಯ. ಗದಗ ಜಿಲ್ಲೆಯ ಮಾಗಡಿ ಕೆರೆಯನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು, 2024ರಲ್ಲಿ ಅದು ರಾಮ್ಸಾರ್ ತಾಣವಾಯಿತು, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳ ಪಟ್ಟಿಗೆ ಸೇರಿತು. ಪ್ರತಿ ಚಳಿಗಾಲ ಅಲ್ಲಿಗೆ ಪಟ್ಟೆತಲೆ ಹೆಬ್ಬಾತುಗಳು ಸಾವಿರಗಟ್ಟಲೆ ಬರುತ್ತವೆ. ಮಂಗೋಲಿಯದಲ್ಲಿ ಕತ್ತಿಗೆ ಪಟ್ಟಿ ತೊಡಿಸಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿವೆ. ಹಿಮಾಲಯವನ್ನೇ ದಾಟುವ ಹಕ್ಕಿಗೆ ಚಳಿ ಲೆಕ್ಕಕ್ಕಿಲ್ಲ. ಅದಕ್ಕೆ ಬೇಕಾದದ್ದು ಮೇಯಲು ಹಸಿರು, ತೇಲಲು ಗಡ್ಡೆಗಟ್ಟದ ನೀರು. ಅವೆರಡೂ ಸಿಕ್ಕರೆ ಇದ್ದಲ್ಲೇ ಇರುವ ಹಕ್ಕಿಗಳಿಗೆ ಸಾಕ್ಷಿ ಬೇಕಾದರೆ ಇಲ್ಲಿಂದ ಕಾರಿನಲ್ಲಿ ಒಂದು ಗಂಟೆ ಹೋಗಿ, ಮಾಂಟಿಚೆಲ್ಲೊ ಎಂಬ ಊರಿಗೆ. ಅಲ್ಲಿನ ಅಣುವಿದ್ಯುತ್ ಸ್ಥಾವರದಿಂದ ಹೊರಬೀಳುವ ಬೆಚ್ಚಗಿನ ನೀರಿನಿಂದ ಮಿಸಿಸಿಪ್ಪಿ ನದಿ ಅಲ್ಲಿ ಹೆಪ್ಪುಗಟ್ಟುವುದಿಲ್ಲ. ದಡದ ಮನೆಯೊಂದರವರು ಜೋಳ ಹಾಕಲು ಆರಂಭಿಸಿದರು. ಈಗ ಪ್ರತಿ ಚಳಿಗಾಲ ಟ್ರಂಪೆಟರ್ ಹಂಸಗಳು ನೂರು, ಸಾವಿರದ ಲೆಕ್ಕದಲ್ಲಿ ಸೇರುತ್ತವೆ. ಒಂದೊಂದು ಹತ್ತು ಹನ್ನೆರಡು ಕಿಲೋ ತೂಗುವ ಬಿಳಿ ಹಂಸಗಳು ಹಬೆಯೇಳುವ ನೀರಿನಲ್ಲಿ ಒಟ್ಟಿಗೆ ಕೂಗಿಕೊಳ್ಳುವ ಗದ್ದಲ ನಮ್ಮ ಜಾತ್ರೆಗಳಿಗೆ ಕಡಿಮೆಯಿಲ್ಲ. 1930ರ ದಶಕದಲ್ಲಿ ಕೆನಡಾದ ಗಡಿಯಿಂದ ಈಚೆಗೆ ಈ ಜಾತಿಯ ಎಪ್ಪತ್ತು ಹಕ್ಕಿಗಳೂ ಉಳಿದಿರಲಿಲ್ಲ ಎಂದು ಅಲ್ಲಿ ನಿಂತವರಿಗೆ ಹೇಳಿದರೆ ನಂಬುವುದಿಲ್ಲ.

ಹಿಮವೂ ಎಲ್ಲರಿಗೂ ಶತ್ರುವಲ್ಲ. ರಫ್ಡ್ ಗ್ರೌಸ್ ಎಂಬ ಕಾಡುಕೋಳಿ ಚಳಿ ಏರಿದ ಸಂಜೆ ಹಾರಿ ಬಂದು ಮೆತ್ತನೆಯ ಹಿಮದೊಳಕ್ಕೆ ನೇರವಾಗಿ ಧುಮುಕಿ, ಒಳಗೆ ಸುರಂಗ ಮಾಡಿಕೊಂಡು ಮಲಗುತ್ತದೆ. ಹೊರಗೆ ಮೈನಸ್ 30 ಇದ್ದರೂ ಒಂದು ಮೊಳ ಹಿಮದ ಕೆಳಗೆ ಅಷ್ಟು ಚಳಿ ಇಳಿಯುವುದಿಲ್ಲ. ಕಾಡಿನಲ್ಲಿ ನಡೆಯುವಾಗ ಕಾಲ ಬುಡದಲ್ಲೇ ಹಿಮ ಸ್ಫೋಟಿಸಿ ಕೋಳಿಯೊಂದು ಎದ್ದು ಹಾರಿದರೆ ಎದೆ ಝಲ್ಲೆನ್ನುತ್ತದೆ. ನಮಗೆ ಅದೊಂದು ರೋಚಕ ಕಥೆ. ಕೋಳಿಗೆ ಮಾತ್ರ ಬೆಚ್ಚಗಿನ ಮನೆಯೂ ಹೋಯಿತು, ಹಾರಾಟದ ಖರ್ಚೂ ಆಯಿತು.

ಸೋಮಾರಿಯೇ ಒಳ್ಳೆಯ ವೀಕ್ಷಕ ಎಂದದ್ದು ಇದಕ್ಕೇ. ಬೇಸಗೆಯಲ್ಲಿ ಹಕ್ಕಿಯನ್ನು ಒಮ್ಮೆ ಎಬ್ಬಿಸಿದರೆ ಅದು ಇನ್ನೊಂದು ಕೊಂಬೆಗೆ ಹೋಗಿ ಕೂರುತ್ತದೆ, ಲೆಕ್ಕ ಮುಗಿಯಿತು. ಕಡುಚಳಿಯಲ್ಲಿ ಹಾಗಲ್ಲ. ಹಗಲಿನ ಒಂಬತ್ತು ಗಂಟೆಗಳಲ್ಲಿ ನಾವು ಕಸಿದ ಹತ್ತು ನಿಮಿಷ, ಸುಮ್ಮನೆ ಮಾಡಿಸಿದ ಹಾರಾಟ, ಎರಡೂ ಆ ರಾತ್ರಿಯ ಇಂಧನದಿಂದ ಕಳೆದ ಹಾಗೆ. ಹೆಚ್ಚು ಹತ್ತಿರದ ಫೋಟೋ ಬೇಕು ಎಂದು ಇನ್ನೆರಡು ಹೆಜ್ಜೆ ಇಡುವವರಿಗೆ ಈ ಲೆಕ್ಕ ಗೊತ್ತಿರಬೇಕು.

ಈ ಅತಿರೇಕವನ್ನು ನಾನು ಹೆಚ್ಚಾಗಿ ಕಂಡಿರುವುದು ಗೂಬೆಗಳ ಸುತ್ತ. ಡುಲೂತ್ ನಗರದ ವಾಯವ್ಯಕ್ಕೆ ಸ್ಯಾಕ್ಸ್-ಜಿಮ್ ಬಾಗ್ ಎಂಬ ವಿಶಾಲವಾದ ಜೌಗುಕಾಡು ಇದೆ. ಚಳಿಗಾಲದಲ್ಲಿ ಗೂಬೆ ನೋಡಲು ದೇಶದ ಮೂಲೆಮೂಲೆಯಿಂದ ಜನ ಅಲ್ಲಿಗೆ ಬರುತ್ತಾರೆ. ಅಲ್ಲಿನ ರಾಜ ದೊಡ್ಡ ಬೂದು ಗೂಬೆ. ನೋಡಲು ಮಗುವಿನ ಎತ್ತರ, ತೂಗಿದರೆ ಒಂದು ಕಿಲೋ ಚಿಲ್ಲರೆ. ಉಳಿದದ್ದೆಲ್ಲ ಗರಿ. ತಟ್ಟೆಯಂತಹ ಮುಖ ಸದ್ದನ್ನು ಕಿವಿಗೆ ಕೂಡಿಸುವ ಸಾಧನ. ಮೊಣಕಾಲುದ್ದ ಹಿಮದ ಕೆಳಗೆ ಓಡುವ ಕಾಡಿಲಿಯ ಸದ್ದನ್ನು ಕೇಳಿ, ಅದರ ನೇರ ಮೇಲಕ್ಕೆ ಬಂದು, ಗಾಳಿಯಲ್ಲಿ ಒಂದು ಕ್ಷಣ ನಿಂತು, ಕಾಲು ಮುಂದೆ ಮಾಡಿ ಹಿಮದೊಳಕ್ಕೆ ಬೀಳುತ್ತದೆ. ಹಿಮದ ಮೂಲಕ ಬರುವ ಸದ್ದು ಓರೆಯಾಗಿ ಬಾಗುತ್ತದೆ, ನೆತ್ತಿಯ ಮೇಲೆ ನಿಂತರೆ ಆ ಮೋಸ ಕಡಿಮೆ. ಹಿಮದಲ್ಲಿ ರೆಕ್ಕೆಗಳ ಅಚ್ಚು ಬಿಡಿಸಿದಂತೆ ಉಳಿಯುತ್ತದೆ.

2004–05ರ ಚಳಿಗಾಲದಲ್ಲಿ ಕೆನಡಾದ ಕಾಡುಗಳಲ್ಲಿ ಕಾಡಿಲಿಗಳು ಕುಸಿದಾಗ ಈ ಗೂಬೆಗಳು ಮಿನೆಸೋಟಕ್ಕೆ ಸಾವಿರಾರು ಸಂಖ್ಯೆಯಲ್ಲಿ ಇಳಿದುಬಂದವು. ಮತ್ತೆ ನೋಡಿ, ಓಡಿಸಿದ್ದು ಚಳಿಯಲ್ಲ. ಮನುಷ್ಯರನ್ನೇ ಕಾಣದೆ ಬೆಳೆದ ಹಕ್ಕಿಗಳು ರಸ್ತೆ ಬದಿಯ ಕಂಬಗಳ ಮೇಲೆ ನಿರ್ಭಯವಾಗಿ ಕುಳಿತವು. ಕಾರುಗಳಿಗೆ ಸಿಕ್ಕಿ ನೂರಾರು ಸತ್ತವು. ಅವುಗಳನ್ನು ನೋಡಲು ಕಾರು ಹಾರಿಸಿಕೊಂಡು ಹೋದವರು ನಾವೇ ಎಂಬುದು ಇದರಲ್ಲಿನ ಕಹಿ.

ಗೂಬೆ ನೋಡಲು ಹೋದರೆ ನಿಧಾನವಾಗಿ ಓಡಿಸಿ. ಕಂಡ ಮೇಲೆ ಎಂಜಿನ್ ಆರಿಸಿ, ಕಾರಿನೊಳಗೇ ಕುಳಿತು ನೋಡಿ. ಕಾರನ್ನು ಅವು ಲೆಕ್ಕಿಸುವುದಿಲ್ಲ, ಬಾಗಿಲು ತೆರೆದು ಇಳಿದ ಎರಡು ಕಾಲಿನ ಪ್ರಾಣಿಯನ್ನು ಲೆಕ್ಕಿಸುತ್ತವೆ. ಫೋನಿನಲ್ಲಿ ಕೂಗು ನುಡಿಸಿ ಕರೆಯಬೇಡಿ. ಸಾಕುಪ್ರಾಣಿ ಅಂಗಡಿಯಿಂದ ಬಿಳಿ ಇಲಿ ತಂದು ಹಿಮದ ಮೇಲೆ ಬಿಟ್ಟು, ಗೂಬೆ ಎರಗುವ ಚಿತ್ರ ತೆಗೆಯುವವರು ಇದ್ದಾರೆ. 'ಅದಕ್ಕೂ ಊಟವಾಯಿತಲ್ಲ' ಎನ್ನುವ ಅವರ ವಾದವನ್ನು ನಾನು ಒಪ್ಪುವುದಿಲ್ಲ. ಮನುಷ್ಯರಿದ್ದಲ್ಲಿ, ರಸ್ತೆಯಿದ್ದಲ್ಲಿ ಊಟವಿದೆ ಎಂದು ಗೂಬೆಗೆ ಕಲಿಸಿದ ಪಾಠ ಅದು.

ಇನ್ನು ಹಿತ್ತಲಿನ ವಿಚಾರ. ಕಪ್ಪು ಸಿಪ್ಪೆಯ ಸೂರ್ಯಕಾಂತಿ ಬೀಜ ಒಂದಿದ್ದರೆ ಸಾಕು, ಹೆಚ್ಚಿನ ಹಕ್ಕಿಗಳು ಬರುತ್ತವೆ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಮಿಶ್ರ ಕಾಳಿನಲ್ಲಿ ಅರ್ಧ ಭಾಗ ನೆಲಕ್ಕೆ ಬಿದ್ದು ವ್ಯರ್ಥವಾಗುತ್ತದೆ. ಮರಕುಟಿಗಗಳಿಗೆ ಪ್ರಿಯವಾದದ್ದು ಸೂಯೆಟ್, ಅಂದರೆ ದನದ ಕೊಬ್ಬಿನ ಇಟ್ಟಿಗೆ. ಇದು ನಮ್ಮಲ್ಲಿ ಅನೇಕ ಮನೆಗಳಲ್ಲಿ ಗೃಹಕಲಹಕ್ಕೆ ಕಾರಣವಾಗಿದೆ. 'ನಾವು ತಿನ್ನದ್ದನ್ನು ಹಕ್ಕಿಗೆ ಹಾಕಬೇಕೇ' ಎಂಬ ಪ್ರಶ್ನೆಗೆ ಧರ್ಮಸೂಕ್ಷ್ಮದ ಉತ್ತರ ನನ್ನಲ್ಲಿಲ್ಲ. ಉಪ್ಪಿಲ್ಲದ ಕಡಲೆಕಾಯಿ ಬೀಜ ಇಟ್ಟರೆ ಮರಕುಟಿಗ ಅದನ್ನೂ ಸಂತೋಷವಾಗಿ ತಿನ್ನುತ್ತದೆ, ಮನೆಯಲ್ಲಿ ಶಾಂತಿಯೂ ಇರುತ್ತದೆ. ನೀರಿಡುವುದನ್ನು ಮರೆಯಬೇಡಿ. ಹಿಮ ತಿಂದು ಕರಗಿಸಿಕೊಳ್ಳುವುದಕ್ಕೂ ಮೈಯ ಬಿಸಿ ಖರ್ಚಾಗುತ್ತದೆ. ವಿದ್ಯುತ್ತಿನಿಂದ ಸಣ್ಣಗೆ ಕಾಯುವ ನೀರಿನ ಬೋಗುಣಿ ಇಲ್ಲಿನ ಅಂಗಡಿಗಳಲ್ಲಿ ಸಿಗುತ್ತದೆ. ತಟ್ಟೆಗಳನ್ನು ಆಗಾಗ ತೊಳೆಯಿರಿ. 2020–21ರ ಚಳಿಗಾಲದಲ್ಲಿ ಪೈನ್ ಸಿಸ್ಕಿನ್ ಹಕ್ಕಿಗಳು ದೊಡ್ಡ ಸಂಖ್ಯೆಯಲ್ಲಿ ದಕ್ಷಿಣಕ್ಕೆ ಇಳಿದಾಗ ಕೊಳಕು ತಟ್ಟೆಗಳಿಂದ ಸಾಲ್ಮೊನೆಲ್ಲ ಎಂಬ ರೋಗಾಣು ಹರಡಿ ಸತ್ತವು. ಆಗ ಹಲವು ಕಡೆ ತಟ್ಟೆಗಳನ್ನು ಕೆಲವು ವಾರ ತೆಗೆದಿಡಿ ಎಂದು ತಿಳಿದವರೇ ಹೇಳಬೇಕಾಯಿತು.

ಎಣಿಕೆಯ ವಿಚಾರ ಚಿಕ್ಕದಾಗಿ ಹೇಳುತ್ತೇನೆ, ಅಡುಗೆಮನೆಯಿಂದ ಒಗ್ಗರಣೆಯ ವಾಸನೆ ಬರುತ್ತಿದೆ. ಹಿಂದೆ ಈ ದೇಶದಲ್ಲಿ ಕ್ರಿಸ್‌ಮಸ್ ದಿನ ತಂಡ ಕಟ್ಟಿಕೊಂಡು ಯಾರು ಹೆಚ್ಚು ಹಕ್ಕಿ ಪ್ರಾಣಿ ಕೊಲ್ಲುತ್ತಾರೆ ಎಂದು ಸ್ಪರ್ಧೆ ಮಾಡುತ್ತಿದ್ದರು. ಫ್ರಾಂಕ್ ಚಾಪ್‌ಮನ್ ಎಂಬ ಪಕ್ಷಿವಿಜ್ಞಾನಿ 1900ರಲ್ಲಿ, ಕೊಲ್ಲುವ ಬದಲು ಎಣಿಸೋಣ ಎಂದರು. ಮೊದಲ ವರ್ಷ ಸೇರಿದವರು 27 ಜನ. ಇಂದು ಡಿಸೆಂಬರ್ 14ರಿಂದ ಜನವರಿ 5ರವರೆಗೆ ನಡೆಯುವ ಆ ಎಣಿಕೆಯಲ್ಲಿ ಹತ್ತಾರು ಸಾವಿರ ಮಂದಿ ಸೇರುತ್ತಾರೆ. ಚಳಿಗಾಲದ ಹಕ್ಕಿಗಳ ನೆಲೆ ಉತ್ತರಕ್ಕೆ ಸರಿಯುತ್ತಿದೆ ಎಂಬುದು ಇಂಥ ಎಣಿಕೆಗಳಿಂದಲೇ ತಿಳಿದದ್ದು. ನೀವೆಲ್ಲ ಇಷ್ಟಪಡುವ ಕೆಂಪು ಕಾರ್ಡಿನಲ್ ನೂರೈವತ್ತು ವರ್ಷಗಳ ಹಿಂದೆ ಮಿನೆಸೋಟದಲ್ಲಿ ಅಪರೂಪದ ಹಕ್ಕಿ. ಅಷ್ಟು ಹೊತ್ತು ಹೊರಗೆ ನಿಲ್ಲಲಾರದವರಿಗೆ ಫೆಬ್ರವರಿ ಮಧ್ಯದ ನಾಲ್ಕು ದಿನಗಳ ಹಿತ್ತಲ ಹಕ್ಕಿ ಎಣಿಕೆ ಇದೆ. ಹದಿನೈದು ನಿಮಿಷ ಕಿಟಕಿಯಿಂದ ನೋಡಿ ಬರೆದರೂ ಆಯಿತು. 2013ರಿಂದ ಅದು ಜಗತ್ತಿನ ಎಲ್ಲ ಕಡೆ ನಡೆಯುತ್ತಿದೆ, ಕರ್ನಾಟಕದ ಕಾಲೇಜುಗಳ ಆವರಣಗಳಲ್ಲೂ. ನೀವು ಇಲ್ಲಿ ಚಿಕಡೀ ಎಣಿಸುವ ದಿನವೇ ನಿಮ್ಮ ಅಕ್ಕನೋ ತಮ್ಮನೋ ಮೈಸೂರಿನಲ್ಲಿ ಪಿಕಳಾರ ಎಣಿಸಬಹುದು. ವಿಡಿಯೊ ಕರೆಯಲ್ಲಿ 'ಊಟ ಆಯಿತಾ' ನಂತರ ಮಾತನಾಡಲು ಒಂದು ವಿಷಯ ಸಿಗುತ್ತದೆ.

ಭಾಷಣದ ನಂತರ ಬಂದ ಕೆಲವು ಪ್ರಶ್ನೆಗಳು.

ಹಿರಿಯರೊಬ್ಬರು ಕೇಳಿದರು: 'ಪಿತೃಪಕ್ಷದಲ್ಲಿ ಇಲ್ಲಿ ಅನ್ನವಿಟ್ಟರೆ ಕಾಗೆ ಬರುವುದಿಲ್ಲ. ಕಾಗೆಗಳೆಲ್ಲ ಎಲ್ಲಿ ಹೋಗುತ್ತವೆ?' ಚಳಿಗಾಲದ ಸಂಜೆ ನಾಲ್ಕೂವರೆಗೆ ಮಿನಿಯಾಪೊಲಿಸ್ ಪೇಟೆಯ ನಡುವೆ ಹೋಗಿ ತಲೆಯೆತ್ತಿ ನೋಡಿ ಎಂದೆ. ಸುತ್ತಲಿನ ಕಾಗೆಗಳು ಸಾವಿರ ಸಾವಿರವಾಗಿ ರಾತ್ರಿ ತಂಗಲು ಅಲ್ಲಿನ ಮರಗಳಿಗೆ ಬರುತ್ತವೆ. ಪೇಟೆ ಹೊಲಕ್ಕಿಂತ ಬೆಚ್ಚಗೆ, ದೀಪಗಳ ಬೆಳಕಿನಲ್ಲಿ ಕೊಂಬಿನ ಗೂಬೆ ಬಂದರೆ ಕಾಣುತ್ತದೆ. ಕೆಳಗೆ ಕಾರು ನಿಲ್ಲಿಸಬೇಡಿ ಎಂದೂ ಸೇರಿಸಿದೆ.

ಅನ್ನ, ಚಕ್ಕುಲಿ, ಉಳಿದ ಚಪಾತಿ ಹಾಕಬಹುದೇ ಎಂದು ಒಬ್ಬ ತಾಯಿ ಕೇಳಿದರು. ಉಪ್ಪು, ಎಣ್ಣೆ, ಖಾರದ್ದು ಬೇಡ. ಬರೀ ಅನ್ನ ಕೇಡು ಮಾಡದು, ಆದರೆ ಗಟ್ಟಿಯಾಗಿ ಕಲ್ಲಾಗುತ್ತದೆ. ಇವತ್ತಿನ ಎಳ್ಳುಬೆಲ್ಲದಲ್ಲಿ ಬೆಲ್ಲ ನೀವು ತಿನ್ನಿ, ಕಡಲೆಕಾಯಿ ಬೀಜ ಅವಕ್ಕೆ ಆರಿಸಿಡಿ ಎಂದೆ.

ಕೊನೆಗೆ ಎಂಟೊಂಬತ್ತು ವರ್ಷದ ಹುಡುಗನೊಬ್ಬ ಜೇಬಿನಿಂದ ನೀಲಿ ಗರಿಯೊಂದನ್ನು ತೆಗೆದು ತೋರಿಸಿದ. ಬ್ಲೂ ಜೇ ಹಕ್ಕಿಯದು, ಹಿಮದ ಮೇಲೆ ಸಿಕ್ಕಿತಂತೆ. ಬಹಳ ಚೆಂದದ ಗರಿ. 1918ರ ವಲಸೆ ಹಕ್ಕಿಗಳ ಕಾಯಿದೆಯ ಪ್ರಕಾರ ಈ ದೇಶದ ಹೆಚ್ಚಿನ ಕಾಡುಹಕ್ಕಿಗಳ ಉದುರಿದ ಗರಿಯನ್ನೂ ಇಟ್ಟುಕೊಳ್ಳುವಂತಿಲ್ಲ ಎಂದು ಅವನಿಗೆ ಹೇಳಬೇಕಾಯಿತು. ಹಿಂದೆ ಹೆಂಗಸರ ಟೋಪಿಗಳ ಅಲಂಕಾರಕ್ಕೆ ಲಕ್ಷಗಟ್ಟಲೆ ಹಕ್ಕಿಗಳನ್ನು ಕೊಲ್ಲುತ್ತಿದ್ದರು. ಗರಿ ಉದುರಿದ್ದೋ ಕಿತ್ತದ್ದೋ ನೋಡಿ ಹೇಳಲಾಗದ್ದರಿಂದ ಎಲ್ಲಕ್ಕೂ ನಿಷೇಧ. ಅವನ ಮುಖ ಸಣ್ಣದಾಯಿತು. ಯಾವ ಗರಿಯನ್ನೂ ಇಟ್ಟುಕೊಳ್ಳುವ ಹಾಗಿಲ್ಲವೇ ಎಂದ. ಇದೆ, ಗುಬ್ಬಚ್ಚಿಯದು ಇಟ್ಟುಕೊಳ್ಳಬಹುದು ಎಂದೆ. 1850ರ ದಶಕದ ಆರಂಭದಲ್ಲಿ ಬ್ರೂಕ್ಲಿನ್‌ಗೆ ಹಡಗಿನಲ್ಲಿ ತಂದು ಬಿಟ್ಟ ಹಕ್ಕಿ ಅದು. ನಮ್ಮ ಊರಿನ ಸೂರಿನಲ್ಲಿ ಗೂಡು ಕಟ್ಟುವ ಅದೇ ಜಾತಿ. ಹೊರಗಿನಿಂದ ಬಂದದ್ದೆಂದು ಈ ಕಾಯಿದೆಯ ರಕ್ಷಣೆ ಅದಕ್ಕಿಲ್ಲ. ಹುಡುಗ ಸ್ವಲ್ಪ ಯೋಚಿಸಿ, 'ಅದು ಬಂದು ನೂರೈವತ್ತು ವರ್ಷಕ್ಕಿಂತ ಹೆಚ್ಚಾಯಿತಲ್ಲ, ಇನ್ನೂ ಅದಕ್ಕೆ ಸಿಟಿಜನ್‌ಶಿಪ್ ಕೊಟ್ಟಿಲ್ಲವೇ?' ಎಂದು ಕೇಳಿದ. ಸಭೆಯಲ್ಲಿ ಗ್ರೀನ್ ಕಾರ್ಡಿಗೆ ಕಾಯುತ್ತಿದ್ದವರು ಬಹಳ ಮಂದಿ ಇದ್ದರು. ಆ ನಗು ನಿಲ್ಲುವ ಮೊದಲೇ ಊಟಕ್ಕೆ ಕರೆದರು.